ಡೆಂಕಣಿಕೋಟೆ ಪೇಟೆಗೆ ಮೊದಲು ಗೆರೆ, ಆಮೇಲೆ ಗಾರೆ

ಹೊಸೂರಿನಿಂದ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಡೆಂಕಣಿಕೋಟೆಯನ್ನು ಉಪನಗರ ಎಂದರೆ ಅಲ್ಲಿನವರೇ ನಕ್ಕಾರು. ಕೃಷ್ಣಗಿರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ, ಬೇಟೆರಾಯಸ್ವಾಮಿಯ ಊರು, ಸುತ್ತಲಿನ ಹಳ್ಳಿಗಳವರು ಸಂತೆಗೆ, ಕಚೇರಿಗೆ, ಆಸ್ಪತ್ರೆಗೆ ಬರುವ ಜಾಗ ಎಂಬುದಷ್ಟೇ ಅದರ ಗುರುತು. ಆದರೆ ಆ ಊರಿನ ಬದುಕು ಕೆಲವು ವರ್ಷಗಳಿಂದ ಉತ್ತರಕ್ಕೆ ಮುಖ ಮಾಡಿದೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಒಂದರ ಹಿಂದೊಂದು ಹೊಸೂರಿನಲ್ಲಿ ನೆಲೆಯೂರಿದವು. 2011ರ ಜನಗಣತಿಯಲ್ಲಿ 1.16 ಲಕ್ಷ ಜನರಿದ್ದ ಪುರಸಭೆ ಮತ್ತಿಗಿರಿ, ಜೂಜುವಾಡಿಯಂಥ ನೆರೆಯೂರುಗಳನ್ನು ಒಳಗೆ ಹಾಕಿಕೊಂಡು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಈಚೆಗೆ ಹೊಸೂರಿನ ಆಗ್ನೇಯಕ್ಕೆ, ಉದ್ದನಪಲ್ಲಿಯ ಕಡೆ, ಮೊಬೈಲ್ ಬಿಡಿಭಾಗಗಳ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸಾವಿರಾರು ಯುವಕ ಯುವತಿಯರಿಗೆ ಕೆಲಸ ಕೊಟ್ಟಿದೆ. ಬೆಂಗಳೂರನ್ನು ಸುತ್ತುವರಿಯುವ 280 ಕಿ.ಮೀ. ಉದ್ದದ ಉಪನಗರ ವರ್ತುಲ ರಸ್ತೆಯೂ ಹೊಸೂರಿನ ಸುತ್ತಿನಲ್ಲಿ ತಮಿಳುನಾಡಿನ ನೆಲವನ್ನು ಹಾದುಹೋಗುತ್ತದೆ. 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ 2033ರವರೆಗೆ ಅಂಥ ಇನ್ನೊಂದು ನಿಲ್ದಾಣ ಬರಬಾರದೆಂಬ ಷರತ್ತು ಇರುವುದರಿಂದ ವಿಮಾನ ಇಳಿಯುವುದು ಯಾವಾಗಲೋ. ನೆಲದ ಬೆಲೆಗೆ ಅಂಥ ಷರತ್ತೇನೂ ಇಲ್ಲ, ಅದು ಘೋಷಣೆಯ ದಿನವೇ ಮೇಲೇರಲು ಶುರುಮಾಡುತ್ತದೆ.

ಬೆಲೆ ಏರಿದಾಗ ಮೊದಲು ಅಲುಗಾಡುವುದು ಹಳೆಯ ಪೇಟೆ. ಯಾವ ನಗರ ಯೋಜಕನೂ ಕೂತು ಯೋಜಿಸದೆ ಬೆಳೆದ ಬೀದಿಗಳಿವು. ಮುಂದೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ. ಒಂದು ಕಟ್ಟಡದಲ್ಲಿ ರಾಗಿ ಹುಣಸೆ ಮಂಡಿ, ಪಕ್ಕದಲ್ಲಿ ಜವಳಿ, ಅದರ ಪಕ್ಕ ಮೊಬೈಲ್ ರಿಪೇರಿ, ಮೂಲೆಯಲ್ಲಿ ಟೀ ಅಂಗಡಿ, ಮಹಡಿಯಲ್ಲಿ ವಕೀಲರ ಕಚೇರಿ, ಅದರ ಮೇಲಿನ ಶೀಟಿನ ಕೋಣೆಯಲ್ಲಿ ಕಾರ್ಖಾನೆಗೆ ಪಾಳಿ ಹೋಗುವ ನಾಲ್ವರು ಹುಡುಗರು. ಈಗ ಯೋಜಕರು ದೊಡ್ಡ ದೊಡ್ಡ ವರದಿಗಳಲ್ಲಿ ಬಯಸುವ ಮಿಶ್ರ ಬಳಕೆ ಇದೇ. ಹಾಗೆಂದು ಪೇಟೆ ಸುಖವಾಗಿದೆ ಎಂದಲ್ಲ. ಇಂಥ ಯಾವುದೇ ಪೇಟೆಬೀದಿಯ ಒಂದು ಅಂಗಡಿಯ ಮುಂಭಾಗವನ್ನು ಗಮನಿಸಿ ನೋಡಿದರೆ ಸಾಕು. ಹತ್ತಾರು ವರ್ಷ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ, ಹಳೆಯ ಅಂಗಡಿಯ ನೆಲ ಒಂದಡಿ ತಗ್ಗಿನಲ್ಲಿ ಉಳಿದಿದೆ. ಮಳೆನೀರು ಒಳಗೆ ಬಾರದಿರಲೆಂದು ಹೊಸ್ತಿಲಿಗೆ ಸಿಮೆಂಟಿನ ಒಂದು ಅಡ್ಡಕಟ್ಟೆ. ಪಕ್ಕದವನು ಹೊಸದಾಗಿ ಕಟ್ಟಿದವನು. ಅವನು ರಸ್ತೆಗಿಂತ ಮೂರಡಿ ಎತ್ತರಕ್ಕೆ ನೆಲ ಏರಿಸಿ, ಹತ್ತಲು ಬೇಕಾದ ಮೆಟ್ಟಿಲನ್ನು ಚರಂಡಿಯ ಸ್ಲ್ಯಾಬಿನ ಮೇಲೆ ಇಳಿಸಿದ್ದಾನೆ. ಆ ಸ್ಲ್ಯಾಬು ಎತ್ತಲು ಬಾರದ್ದರಿಂದ ಚರಂಡಿಯ ಹೂಳು ತೆಗೆಯುವಂತಿಲ್ಲ, ಹೂಳು ತೆಗೆಯದ್ದರಿಂದ ನೀರು ತಗ್ಗಿನ ಅಂಗಡಿಗೆ ನುಗ್ಗುತ್ತದೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಕಟ್ಟುವ ಮುಂಚೆ ಇಬ್ಬರಿಗೂ ಒಂದು ಮಟ್ಟ, ಒಂದು ಗೆರೆ ಹೇಳಿಕೊಡುವವರು ಇರಲಿಲ್ಲ, ಅಷ್ಟೆ.

ಈ ಲೇಖನದ ವಾದ ಇಷ್ಟೇ: ಡೆಂಕಣಿಕೋಟೆಯಂಥ ಪೇಟೆಗೆ ಬೇಕಾದದ್ದು ಆ ಗೆರೆ. ಅದನ್ನು ಈಗಲೇ ಎಳೆಯಬೇಕು, ಕಟ್ಟುವುದನ್ನು ಮಾತ್ರ ಮಾಲೀಕರ ಸರದಿಗೆ ಬಿಡಬೇಕು. ನಮ್ಮಲ್ಲಿ ಹಳೆಯ ಪೇಟೆಗಳ ವಿಷಯದಲ್ಲಿ ಆಡಳಿತಕ್ಕೆ ಗೊತ್ತಿರುವುದು ಎರಡೇ ವಿದ್ಯೆ. ಒಂದು, ಕಣ್ಣು ಮುಚ್ಚಿಕೊಂಡಿರುವುದು. ಇನ್ನೊಂದು, ಒಂದು ದಿನ ಕಣ್ಣು ಬಿಟ್ಟು ಕೆಂಪು ಬಣ್ಣದ ಗುರುತು ಹಾಕಿ ಜೆಸಿಬಿ ತರುವುದು. ಇವೆರಡರ ನಡುವೆ ಕಡಿಮೆ ಖರ್ಚಿನ ಮೂರನೆಯ ದಾರಿಯಿದೆ. ಪೇಟೆಯ ಕಟ್ಟಡಗಳು ತಾವಾಗಿಯೇ ಬದಲಾಗುತ್ತಿರುತ್ತವೆ. ಆಸ್ತಿ ಪಾಲಾದಾಗ, ಹೆಂಚು ಸೋರಿದಾಗ, ಮಗ ವ್ಯಾಪಾರ ಬದಲಿಸಿದಾಗ, ಬಾಡಿಗೆ ಏರಿದಾಗ ಒಂದೊಂದೇ ಕಟ್ಟಡ ಬಿದ್ದು ಏಳುತ್ತದೆ. ಒಂದು ತಲೆಮಾರಿನಲ್ಲಿ ಬೀದಿಯ ಬಹುಭಾಗ ಹೀಗೆ ಹೊಸದಾಗುತ್ತದೆ. ಇಪ್ಪತ್ತಡಿಯ ಬೀದಿ ಮೂವತ್ತಡಿಯಾಗಬೇಕು ಎಂದು ಇಟ್ಟುಕೊಳ್ಳೋಣ. ಇನ್ನು ಮುಂದೆ ಕಟ್ಟುವ ಪ್ರತಿಯೊಬ್ಬರೂ ನೆಲಮಟ್ಟದಲ್ಲಿ ಐದಡಿ ಹಿಂದೆ ಸರಿಯಬೇಕು, ನೆಲದ ಮಟ್ಟ ಇಷ್ಟೇ ಇರಬೇಕು, ಮೆಟ್ಟಿಲು ತನ್ನ ಜಾಗದಲ್ಲೇ ಇಳಿಯಬೇಕು ಎಂದು ಸರ್ವೇ ನಕ್ಷೆಯ ಮೇಲೆ ಇವತ್ತು ಬರೆದರೆ, ಯಾರ ಗೋಡೆಯನ್ನೂ ಒಡೆಯದೆ ಬೀದಿ ಅಗಲವಾಗುತ್ತ ಹೋಗುತ್ತದೆ. ಬಿಟ್ಟ ಐದಡಿಯ ಮೇಲೆ ಮಹಡಿ ಚಾಚಿಕೊಳ್ಳಲು ಅವಕಾಶ ಕೊಟ್ಟರೆ ಮಾಲೀಕನಿಗೆ ನಷ್ಟವೂ ಕಡಿಮೆ. ಕೆಳಗೆ ಜನ ಬಿಸಿಲು ಮಳೆಗೆ ಅಂಜದೆ ನಡೆಯುವ ಮೊಗಸಾಲೆ ಸಿಗುತ್ತದೆ.

ಇದು ಕಾಗದದ ಮೇಲಿನ ಕನಸಲ್ಲ. ಸಿಂಗಪುರದ ಹಳೆಯ ಪೇಟೆಗಳಲ್ಲಿ, ತಮಿಳು ವರ್ತಕರ ಸೆರಂಗೂನ್ ರಸ್ತೆಯೂ ಸೇರಿ, ಅಂಗಡಿಗಳ ಮುಂದೆ ಉದ್ದಕ್ಕೂ ಐದಡಿಯ ನೆರಳಿನ ನಡೆದಾರಿ ಕಾಣುತ್ತದಲ್ಲ, ಅದರ ಮೂಲ 1822ರಲ್ಲಿ ಬ್ರಿಟಿಷ್ ಆಡಳಿತಗಾರ ರ‍್ಯಾಫಲ್ಸ್ ಹಾಕಿಕೊಟ್ಟ ಒಂದು ನಿಯಮ. ಆ ಸಾಲನ್ನು ಯಾರೂ ಒಂದೇ ಸಲ ಕಟ್ಟಿದ್ದಲ್ಲ. ನೂರಾರು ಮಾಲೀಕರು ಬೇರೆ ಬೇರೆ ಕಾಲದಲ್ಲಿ ತಮ್ಮ ತಮ್ಮ ದುಡ್ಡಿನಲ್ಲಿ ಕಟ್ಟಿಕೊಂಡದ್ದು. ಆ ನಡೆದಾರಿಯನ್ನೂ ವ್ಯಾಪಾರಿಗಳು ಸರಕು ಹರಡಿ ಆಕ್ರಮಿಸಿದರು, ತೆರವು ಮಾಡಲು ಹೋದಾಗ 1888ರಲ್ಲಿ ಗಲಭೆಯೇ ಆಯಿತು ಎಂಬುದನ್ನೂ ಹೇಳಬೇಕು. ನಿಯಮ ಇದ್ದ ಮಾತ್ರಕ್ಕೆ ಜಗಳ ತಪ್ಪುವುದಿಲ್ಲ. ಆದರೆ ಗಲಭೆ ತಣ್ಣಗಾದ ಮೇಲೂ ಆ ಐದಡಿ ಅಲ್ಲೇ ಉಳಿಯಿತು.

ನಮ್ಮ ನೆಲದಲ್ಲೇ ಹುಡುಕಿದರೆ ಇನ್ನೂ ಹತ್ತಿರದ ಸಾಕ್ಷಿ ಇದೆ. ಡೆಂಕಣಿಕೋಟೆ, ಹೊಸೂರು ಆಗ ಮದ್ರಾಸ್ ಪ್ರೆಸಿಡೆನ್ಸಿಯ ಸೇಲಂ ಜಿಲ್ಲೆಯಲ್ಲಿದ್ದವು. ಬಳ್ಳಾರಿಯೂ ಅದೇ ಪ್ರೆಸಿಡೆನ್ಸಿಯಲ್ಲಿತ್ತು. 1914–15ರಲ್ಲಿ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಆ ಪ್ರೆಸಿಡೆನ್ಸಿಯ ಪಟ್ಟಣಗಳನ್ನು ಸುತ್ತಿ, ಬಳ್ಳಾರಿಯೂ ಸೇರಿದಂತೆ ಹಲವು ಊರುಗಳ ಬಗ್ಗೆ ವರದಿ ಬರೆದ. ಇಕ್ಕಟ್ಟಿನ ಕೇರಿಗಳನ್ನು ಸೀಳಿ ನೇರ ರಸ್ತೆ ಹಾಕುವುದೇ ಆಗಿನ ಎಂಜಿನಿಯರುಗಳಿಗೆ ಸುಧಾರಣೆ. ಗೆಡ್ಡಿಸ್ ಒಂದೊಂದು ಓಣಿಯಲ್ಲೂ ನಡೆದು ನೋಡಿ, ಯಾವ ಮನೆ ನಿಲ್ಲುವ ಸ್ಥಿತಿಯಲ್ಲಿಲ್ಲ, ಯಾವ ಮೂಲೆ ಕತ್ತರಿಸಿದರೆ ಗಾಡಿ ತಿರುಗುತ್ತದೆ, ಯಾವ ಪಾಳು ಜಾಗ ಬಯಲಾಗಬಹುದು ಎಂದು ಗುರುತಿಸಿ, ಅಷ್ಟನ್ನೇ ಮುಟ್ಟಿ ಉಳಿದದ್ದನ್ನು ಬಿಡಿ ಎಂದ. ತಂಜಾವೂರಿನಲ್ಲಿ ಅವನು ತೋರಿಸಿದ ಪರ್ಯಾಯದ ವೆಚ್ಚ ಪುರಸಭೆಯ ಯೋಜನೆಗಿಂತ ಹಲವು ಪಟ್ಟು ಕಡಿಮೆಯಿತ್ತು. ನೂರಕ್ಕೂ ಹೆಚ್ಚು ವರ್ಷವಾದರೂ ಅವನ ವಾದದ ಲೆಕ್ಕಾಚಾರ ಹಳತಾಗಿಲ್ಲ. ಸ್ವಂತ ಆದಾಯ ಕಡಿಮೆ ಇರುವ ಒಂದು ಪಟ್ಟಣ ಪಂಚಾಯತಿಗೆ ಪೇಟೆಯ ನೆಲಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಟ್ಟು ರಸ್ತೆ ಅಗಲ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಮಾಲೀಕ ತಾನಾಗಿ ಕಟ್ಟುವಾಗ ಬಿಟ್ಟುಕೊಟ್ಟ ನೆಲಕ್ಕೆ ಬದಲಾಗಿ ಹೆಚ್ಚುವರಿ ಮಹಡಿಯ ಹಕ್ಕು ಕೊಡುವ ಶಕ್ತಿಯಾದರೆ ಇದ್ದೇ ಇದೆ.

ಆ ಹಕ್ಕನ್ನು ಅಲ್ಲೇ, ಅದೇ ಜಾಗದಲ್ಲಿ ಕೊಡಬೇಕು ಎಂಬುದು ಮುಖ್ಯ. ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣಕ್ಕೆ ನೆಲ ಬಿಟ್ಟವರಿಗೆ ಹಣದ ಬದಲು ಟಿಡಿಆರ್ ಎಂಬ ಅಭಿವೃದ್ಧಿ ಹಕ್ಕಿನ ಪತ್ರ ಕೊಡುವ ಪದ್ಧತಿ ಬಂದು ಎಷ್ಟೋ ವರ್ಷವಾಯಿತು. ಆ ಪತ್ರವನ್ನು ಬೇರೊಬ್ಬ ಬಿಲ್ಡರಿಗೆ ಮಾರಿ ದುಡ್ಡು ಮಾಡಿಕೊಳ್ಳಬೇಕು. ಅಷ್ಟು ದೊಡ್ಡ ನಗರದಲ್ಲೇ ಮಾಲೀಕರು ಅದನ್ನು ನಂಬಲಿಲ್ಲ, ಹಗರಣಗಳೂ ಹೊರಬಂದವು. ಕೊಳ್ಳುವವರೇ ಇಲ್ಲದ ಡೆಂಕಣಿಕೋಟೆಯಲ್ಲಿ ಅಂಥ ಪತ್ರ ಕೊಟ್ಟರೆ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕಷ್ಟೆ.

ದೊಡ್ಡ ಯೋಜನೆಯವರ ಮೊದಲ ಆಕ್ಷೇಪ ಗೊತ್ತಿರುವುದೇ. ಹೀಗೆ ಒಬ್ಬೊಬ್ಬರಿಗಾಗಿ ಕಾದರೆ ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಊರು ಕೈಮೀರುತ್ತದೆ. ಪೇಟೆಯನ್ನೆಲ್ಲ ಒಟ್ಟಿಗೆ ತೆಗೆದು ಐದು ಮಹಡಿಯ ಸಂಕೀರ್ಣ ಕಟ್ಟಿ, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಕೊಟ್ಟರೆ ಎರಡು ವರ್ಷದಲ್ಲಿ ಮುಗಿಯುತ್ತದೆ. ಹೇಳುವುದಕ್ಕೆ ಚೆನ್ನಾಗಿದೆ. ನಡೆದದ್ದೇನು? ಮಲ್ಲೇಶ್ವರದ ಹಳೆಯ ಮಾರುಕಟ್ಟೆಯನ್ನು ಕೆಡವಿ ಸಂಕೀರ್ಣ ಕಟ್ಟುವ ಕೆಲಸ ಒಂದು ದಶಕಕ್ಕೂ ಮೀರಿ ಎಳೆಯಿತು. ಬೆಂಗಳೂರಿನ ಅಷ್ಟು ಪ್ರಭಾವಿ ಬಡಾವಣೆಯ ನಡುವೆ. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಅದನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ತಜ್ಞರ ಸಮಿತಿ, ಪಾಲಿಕೆ, ಹೈಕೋರ್ಟುಗಳ ನಡುವೆ ವರ್ಷಗಟ್ಟಲೆ ಓಡಾಡಿತು. ಬಾಡಿಗೆದಾರರು ಬಿದ್ದ ಗೋಡೆಯ ಪಕ್ಕದಲ್ಲೇ ಹೂವು ಹಣ್ಣು ಮಾರುತ್ತ ಕಾದರು. ಎರಡೂ ಕಡೆ ತೊಂದರೆಯ ಮೂಲ ಒಂದೇ. ನೂರಾರು ಜನರ ಹೊಟ್ಟೆಪಾಡು ಒಂದೇ ತೀರ್ಮಾನಕ್ಕೆ, ಒಂದೇ ಟೆಂಡರಿಗೆ, ಒಂದೇ ಗುತ್ತಿಗೆದಾರನಿಗೆ ಕಟ್ಟಿಬಿದ್ದಾಗ ಎಲ್ಲಿ ಒಂದು ತಡೆ ಬಂದರೂ ಎಲ್ಲವೂ ನಿಲ್ಲುತ್ತದೆ. ಕಟ್ಟಡಕ್ಕೊಂದರಂತೆ ನಡೆಯುವ ಕೆಲಸದಲ್ಲಿ ಒಬ್ಬ ಕೋರ್ಟಿಗೆ ಹೋದರೆ ಅವನ ಕಟ್ಟಡವೊಂದೇ ನಿಲ್ಲುತ್ತದೆ, ಉಳಿದವರದು ನಡೆಯುತ್ತಿರುತ್ತದೆ.

ದೇವರಾಜ ಮಾರುಕಟ್ಟೆ ಇನ್ನೊಂದು ಮಾತನ್ನೂ ಹೇಳುತ್ತದೆ, ಅದು ನನ್ನ ವಾದಕ್ಕೆ ಸ್ವಲ್ಪ ಇಕ್ಕಟ್ಟಿನದು. ನಿಧಾನ ಎಂಬ ಹೆಸರಿನಲ್ಲಿ ಏನೂ ಮಾಡದೆ ಕೂತರೆ ಗೋಡೆ ತಾನಾಗಿ ಬೀಳುತ್ತದೆ. ಆದ್ದರಿಂದ ಹಂತಹಂತ ಎಂದರೆ ತೀರ್ಮಾನವನ್ನೂ ಮುಂದೂಡುವುದು ಎಂದು ಯಾರೂ ತಿಳಿಯಬಾರದು. ಗೆರೆ, ಮಟ್ಟ, ಎತ್ತರಗಳ ತೀರ್ಮಾನ ಒಂದೇ ಸಲ ಆಗಬೇಕು, ಶಿಥಿಲ ಕಟ್ಟಡಗಳ ಪಟ್ಟಿ ಕೂಡಲೇ ಆಗಬೇಕು. ಇದಕ್ಕೆ ತುರ್ತು ಇದೆ. 2024ರ ಜುಲೈಯಿಂದ ತಮಿಳುನಾಡಿನಲ್ಲಿ 2,500 ಚದರ ಅಡಿವರೆಗಿನ ನಿವೇಶನದಲ್ಲಿ 3,500 ಚದರ ಅಡಿವರೆಗಿನ ಮನೆ ಕಟ್ಟಲು ಮಾಲೀಕನ ಸ್ವಯಂದೃಢೀಕರಣದ ಮೇಲೆ ಆನ್‌ಲೈನಿನಲ್ಲಿ ತಕ್ಷಣ ಅನುಮತಿ ಸಿಗುತ್ತದೆ. ಲಂಚ, ಅಲೆದಾಟ ತಪ್ಪಿಸುವ ಒಳ್ಳೆಯ ಕ್ರಮವದು. ಆದರೆ ಪೇಟೆಯ ಅಡ್ಡಬೀದಿಗಳಲ್ಲಿ ಇಂಥ ಸಣ್ಣ ನಿವೇಶನಗಳೇ ಹೆಚ್ಚು. ಕಂಪ್ಯೂಟರಿನ ನಕ್ಷೆಯಲ್ಲಿ ಗೆರೆ ಇಲ್ಲದಿದ್ದರೆ, ಅನುಮತಿ ಹಳೆಯ ಗೋಡೆಯ ಅಳತೆಗೇ ಸಿಗುತ್ತದೆ. ಕಾಂಕ್ರೀಟಿನಲ್ಲಿ ಕಟ್ಟಿದ ಆ ತಪ್ಪು ಇನ್ನು ಐವತ್ತು ವರ್ಷ ಅಲ್ಲೇ ಇರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಗೆರೆ ಎಳೆದರೆ ದೊಡ್ಡ ಮಾಲೀಕನಿಗೆ ಏನೂ ಆಗುವುದಿಲ್ಲ. ಹತ್ತಡಿ ಅಗಲ ಹದಿನೈದಡಿ ಉದ್ದದ ಅಂಗಡಿಯವನು ಐದಡಿ ಬಿಟ್ಟರೆ ಉಳಿಯುವುದೇನು? ಇದಕ್ಕೆ ಉತ್ತರ ಗುಜರಾತಿನ ಭುಜ್‌ನಲ್ಲಿದೆ. 2001ರ ಜನವರಿ 26ರ ಭೂಕಂಪದಲ್ಲಿ ನೆಲಕಚ್ಚಿದ ಆ ಕೋಟೆಯೊಳಗಿನ ಊರನ್ನು ಮತ್ತೆ ಕಟ್ಟುವಾಗ, ರಸ್ತೆಗೆ ಬೇಕಾದ ನೆಲವನ್ನು ಎಲ್ಲರಿಂದಲೂ ಒಂದೇ ಪ್ರಮಾಣದಲ್ಲಿ ಕತ್ತರಿಸಲಿಲ್ಲ. ತೀರ ಚಿಕ್ಕ ನಿವೇಶನಗಳನ್ನು ಮುಟ್ಟಲೇ ಇಲ್ಲ; ನಿವೇಶನ ದೊಡ್ಡದಾದಂತೆ ಬಿಡಬೇಕಾದ ಪಾಲೂ ಹೆಚ್ಚಿ, ದೊಡ್ಡವರಿಂದ ಮೂರನೇ ಒಂದು ಭಾಗದಷ್ಟು ಪಡೆದರು. ನಗರ ಯೋಜನಾ ಸ್ಕೀಮ್ ಎಂದು ಗುಜರಾತಿನಲ್ಲಿ ರೂಢಿಯಲ್ಲಿರುವ ಈ ಕ್ರಮದಲ್ಲಿ ಯಾರೂ ಊರು ಬಿಡಬೇಕಾಗಿಲ್ಲ, ಎಲ್ಲರ ನಿವೇಶನಗಳೂ ಅಷ್ಟಷ್ಟು ಸರಿದು ಹೊಂದಿಕೊಳ್ಳುತ್ತವೆ. ತಮಿಳುನಾಡಿನ 1971ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಒಂದು ಪ್ರದೇಶಕ್ಕೆ ಸೀಮಿತವಾದ ವಿವರ ಅಭಿವೃದ್ಧಿ ಯೋಜನೆ ಮಾಡಲು ಅಧಿಕಾರವಿದೆ. ಪೇಟೆಯ ಒಂದು ಬೀದಿಯ ಹಿಂಬದಿಯಲ್ಲಿ ಪಾಳುಬಿದ್ದ ಹಿತ್ತಿಲುಗಳಿದ್ದರೆ, ನಾಲ್ಕೈದು ಚಿಕ್ಕ ಮಾಲೀಕರು ಅವುಗಳನ್ನು ಕೂಡಿಸಿಕೊಂಡು ಒಟ್ಟಿಗೆ ಕಟ್ಟಿದರೆ, ಅವರಿಗೆ ಶುಲ್ಕ ಬಿಟ್ಟು ಒಂದು ಮಹಡಿ ಹೆಚ್ಚು ಕೊಡಿ. ಚಿಕ್ಕವನು ಒಬ್ಬನೇ ಕಟ್ಟಿದರೆ ಗೆರೆಯಿಂದ ವಿನಾಯಿತಿಯಿರಲಿ. ಬೀದಿಯಲ್ಲಿ ನಾಲ್ಕು ಕಡೆ ಗೆರೆ ವಕ್ರವಾದರೆ ಆಕಾಶ ಬೀಳುವುದಿಲ್ಲ.

ಮಾಲೀಕರ ಬಗ್ಗೆ ಇಷ್ಟು ಹೇಳಿ ಬಾಡಿಗೆದಾರರನ್ನು ಮರೆತರೆ ಪೇಟೆಯ ಅರ್ಧ ಜನರನ್ನೇ ಮರೆತಂತೆ. ಪೇಟೆಯ ವ್ಯಾಪಾರ ನಡೆಸುವವರಲ್ಲಿ ಬಹಳಷ್ಟು ಮಂದಿ ಕಟ್ಟಡದ ಒಡೆಯರಲ್ಲ. 2019ರಿಂದ ಜಾರಿಯಲ್ಲಿರುವ ತಮಿಳುನಾಡಿನ ಹೊಸ ಬಾಡಿಗೆ ಕಾಯ್ದೆಯಲ್ಲಿ ಕೆಡವಿ ಕಟ್ಟುವುದಕ್ಕಾಗಿ ಬಾಡಿಗೆದಾರರನ್ನು ತೆರವು ಮಾಡಿಸಲು ದಾರಿಯಿದೆ. ನೆಲದ ಬೆಲೆ ಏರುವ ಊರಿನಲ್ಲಿ ಈ ದಾರಿಯಲ್ಲಿ ಯಾರು ನಡೆಯುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಹೆಚ್ಚುವರಿ ಮಹಡಿ ಎಂಬ ಉಡುಗೊರೆಯನ್ನು ಸುಮ್ಮನೆ ಕೊಡಬಾರದು. ಹಳೆಯ ಬಾಡಿಗೆದಾರನಿಗೆ ಹೊಸ ಕಟ್ಟಡದ ನೆಲಮಟ್ಟದಲ್ಲಿ ಅಷ್ಟೇ ಜಾಗ, ಮೊದಲ ಕೆಲವು ವರ್ಷಕ್ಕೆ ಮಿತಿ ಹಾಕಿದ ಬಾಡಿಗೆ, ಈ ಎರಡನ್ನೂ ಬರೆದುಕೊಟ್ಟ ಮಾಲೀಕನಿಗೆ ಮಾತ್ರ ಆ ಮಹಡಿ. ಕಟ್ಟುವ ಎಂಟು ಹತ್ತು ತಿಂಗಳು ಅವನು ವ್ಯಾಪಾರ ಎಲ್ಲಿ ನಡೆಸಬೇಕು? ಪಟ್ಟಣ ಪಂಚಾಯತಿ ಒಂದಿಪ್ಪತ್ತು ತಾತ್ಕಾಲಿಕ ಮಳಿಗೆಗಳನ್ನು ಸಂತೆ ಜಾಗದ ಅಂಚಿನಲ್ಲಿ ಕಟ್ಟಿಟ್ಟುಕೊಂಡರೆ ಸಾಕು. ಒಬ್ಬ ಬಿಟ್ಟುಹೋದ ಮೇಲೆ ಮುಂದಿನವನು ಬರುತ್ತಾನೆ. ಒಂದೇ ಸಲ ಪೇಟೆಯನ್ನೆಲ್ಲ ಕೆಡವಿದಾಗ ಮುನ್ನೂರು ಶೆಡ್ಡು ಬೇಕಾಗುತ್ತದೆ. ಸರದಿಯ ಮೇಲೆ ನಡೆದರೆ ಇಪ್ಪತ್ತರಲ್ಲೇ ಮುಗಿಯುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯೇ ರಕ್ಷಣೆ ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಅವರದೇ ಆಗಿರಬೇಕು. ಗೆರೆ ಎಳೆಯುವ ಮೇಜಿನ ಸುತ್ತ ಆ ಸಮಿತಿಯೂ ಕೂರಬೇಕು. ಬೆಳಗ್ಗೆ ತಳಿಯ ಕಡೆಯಿಂದ ಹೂವು, ಸೊಪ್ಪು ತಂದು ಗೋಣಿಚೀಲ ಹಾಸಿ ಕೂರುವ ಹೆಂಗಸಿಗೆ ಮೊಗಸಾಲೆಯ ಆಚೆ ಎಲ್ಲಿ ಜಾಗ ಎಂಬುದು ನಕ್ಷೆಯಲ್ಲೇ ಇರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಹಳೆಯ ಪೇಟೆಯನ್ನೇ ಏಕೆ ತಿದ್ದಬೇಕು, ಊರ ಹೊರಗೆ ನೂರು ಎಕರೆಯಲ್ಲಿ ಅಚ್ಚುಕಟ್ಟಾಗಿ ಹೊಸದೊಂದನ್ನು ಕಟ್ಟಬಾರದೇ ಎನ್ನುವವರಿದ್ದಾರೆ. ಮಂಡಿ ವ್ಯಾಪಾರದ ಮಟ್ಟಿಗೆ ಅವರ ಮಾತು ಸರಿ. ಚೆನ್ನೈನ ಕೊತ್ತವಾಲ್ ಚಾವಡಿಯ ಸಗಟು ವ್ಯಾಪಾರ 1996ರಲ್ಲಿ ಕೋಯಂಬೇಡಿಗೆ ಹೋಯಿತು, ಹಳೆಯ ನಗರ ಉಸಿರಾಡಿತು. ಲಾರಿ ಬೇಕಾದದ್ದೆಲ್ಲ ಹೊರಗೆ ಹೋಗಲಿ. ಚಿಲ್ಲರೆ ವ್ಯಾಪಾರ, ಮನೆ, ಕಚೇರಿ ಹೋಗಬೇಕಾದ್ದಿಲ್ಲ, ಅವು ಹೋದರೆ ಉಳಿದದ್ದು ಪೇಟೆಯಲ್ಲ. ಮೇಲಾಗಿ ಡೆಂಕಣಿಕೋಟೆಯ ಹೊರಗೆ ಎಂದರೆ ಯಾವ ಹೊರಗೆ? ಜವಳಗಿರಿ, ತಳಿ, ಅಂಚೆಟ್ಟಿಯ ಕಡೆ ಕಾಡು. ಕಾವೇರಿ ಉತ್ತರ ವನ್ಯಧಾಮವನ್ನು 2014ರಲ್ಲಿ, ಕಾವೇರಿ ದಕ್ಷಿಣ ವನ್ಯಧಾಮವನ್ನು 2022ರಲ್ಲಿ ಘೋಷಿಸಿದ್ದು ಈ ಸೀಮೆಯಲ್ಲೇ. ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಾಡಿನಿಂದ ಆನೆ ಹಿಂಡು ಇಳಿದುಬರುವುದು ಪ್ರತಿವರ್ಷದ ಸುದ್ದಿ. ಅಲ್ಲಿ ಒಂದೊಂದು ಲೇಔಟು ಎದ್ದಾಗಲೂ ಆನೆ ತನ್ನ ದಾರಿ ಬದಲಿಸಿ ಇನ್ನೊಬ್ಬರ ಹೊಲಕ್ಕೆ ನುಗ್ಗುತ್ತದೆ. ಪೇಟೆಯೊಳಗೆ ಎರಡು ಮಹಡಿಯ ಕಟ್ಟಡ ನಾಲ್ಕಾದರೆ, ಪಾಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಅಲ್ಲೇ ನೀರು, ಗಾಳಿ, ಬೀಗ ಇರುವ ಬಾಡಿಗೆ ಕೋಣೆ ಸಿಕ್ಕರೆ, ಹೊಲಗಳ ಮೇಲಿನ ಒತ್ತಡ ಅಷ್ಟಾದರೂ ಇಳಿಯುತ್ತದೆ.

ಸರದಿಯ ಮಾತು ಬಂದಾಗ ಒಂದು ವಿನಾಯಿತಿ ಹೇಳಲೇಬೇಕು. ಚರಂಡಿ, ನೀರಿನ ಪೈಪು, ಒಳಚರಂಡಿ ಮಾಲೀಕರ ಸರದಿಗೆ ಕಾಯುವ ಕೆಲಸಗಳಲ್ಲ. ಅವುಗಳನ್ನು ಸರಕಾರವೇ ಮೊದಲು ಮಾಡಬೇಕು, ಬೀದಿಯ ಉದ್ದಕ್ಕೂ ಒಂದೇ ಸಲ ಮಾಡಬೇಕು. ಎರಡು ಮಹಡಿಗೆ ಸಾಲದ ನೀರನ್ನು ನಾಲ್ಕು ಮಹಡಿಗೆ ಹಂಚಲಾಗದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಪೈಪು, ಕೇಬಲ್, ಚರಂಡಿಗಳನ್ನು ಅಡಿಯಲ್ಲಿ ಸರಿಯಾಗಿ ಜೋಡಿಸಿ ಮೇಲೆ ಕಲ್ಲು ಹಾಸಿ 2018ರಲ್ಲಿ ಬಿಟ್ಟುಕೊಟ್ಟಾಗ, ಕೆಲಸ ನಡೆದ ತಿಂಗಳುಗಳಲ್ಲಿ ಬೈದ ವ್ಯಾಪಾರಿಗಳಿಗೂ ಆಮೇಲೆ ಗಿರಾಕಿಗಳು ಹೆಚ್ಚಿದರು. ಪಾರ್ಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ ನಿಲ್ದಾಣದಿಂದ ನಡೆದು ಬರಬಹುದಾದ ಪೇಟೆಗೆ ನೆಲಮಾಳಿಗೆಯ ಪಾರ್ಕಿಂಗಿಗಿಂತ ನಡೆಯುವ ಜಾಗ ಮುಖ್ಯ. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ಕಾರಿನಿಂದ ಜಾಗ ಕಿತ್ತು ನಡೆಯುವವರಿಗೆ ಕೊಟ್ಟ ಮೇಲೂ ಸೀರೆ ಅಂಗಡಿಗಳು ಮುಚ್ಚಲಿಲ್ಲ.

ಕೊನೆಗೆ ಉಳಿಯುವುದು ಈ ಗೆರೆಯನ್ನು ಯಾವ ಭಾಷೆಯಲ್ಲಿ ಎಳೆಯುತ್ತಾರೆ ಎಂಬುದು. ಡೆಂಕಣಿಕೋಟೆ ತಾಲೂಕಿನಲ್ಲಿ ತಮಿಳಿನ ಜೊತೆಗೆ ಕನ್ನಡ, ತೆಲುಗು, ಉರ್ದು ಮನೆಮಾತಿನವರು ತಲೆಮಾರುಗಳಿಂದ ಬದುಕಿದ್ದಾರೆ. ಅಭಿವೃದ್ಧಿ ಯೋಜನೆಯ ಕರಡು ಹೊರಬಿದ್ದ ಮೇಲೆ ಆಕ್ಷೇಪ ಸಲ್ಲಿಸಲು ಕಾಯ್ದೆ ಕಾಲಾವಕಾಶ ಕೊಡುತ್ತದೆ. ಆದರೆ ತಮಿಳು ಲಿಪಿ ಓದಲು ಬಾರದ ಹಿರಿಯ ಮಾಲೀಕನಿಗೆ ಇಂಗ್ಲಿಷ್, ತಮಿಳುಗಳ ಗೆಜೆಟ್ ಪ್ರಕಟಣೆಯಿಂದ ಏನು ಪ್ರಯೋಜನ? ತನ್ನ ಸರ್ವೇ ನಂಬರಿನ ಮೇಲೆ ಗೆರೆ ಹೋಗಿದೆ ಎಂದು ಅವನಿಗೆ ತಿಳಿಯುವುದು ಅನುಮತಿ ತಿರಸ್ಕೃತವಾದ ದಿನ. ಜಿಲ್ಲೆ, ತಾಲೂಕು, ಪುರಸಭೆಗಳ ಮಟ್ಟದಲ್ಲಿ ಶೇ. 15ಕ್ಕಿಂತ ಹೆಚ್ಚಿರುವ ಅಲ್ಪಸಂಖ್ಯಾತರ ಭಾಷೆಗಳಲ್ಲಿ ಮುಖ್ಯ ಕಾನೂನು, ನಿಯಮಗಳನ್ನು ಪ್ರಕಟಿಸಬೇಕೆಂದು 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲೇ ರಾಜ್ಯಗಳು ಒಪ್ಪಿವೆ. ಇದನ್ನು ಭಾಷಾಭಿಮಾನದ ಬೇಡಿಕೆ ಎಂದು ಪಕ್ಕಕ್ಕಿಡುವುದು ತಪ್ಪು. ಮಾಲೀಕರು ತಾವಾಗಿ ಪಾಲಿಸಿದರಷ್ಟೇ ನಡೆಯುವ ಯೋಜನೆಗೆ, ಅದು ಪ್ರತಿ ಮಾಲೀಕನಿಗೆ ಅರ್ಥವಾಗುವುದು ಮೊದಲ ಅಗತ್ಯ.

ಹೊಸೂರಿನ ಯೋಜನಾ ಪ್ರಾಧಿಕಾರ, ಡೆಂಕಣಿಕೋಟೆಯ ಪಟ್ಟಣ ಪಂಚಾಯತಿ ಇವೆರಡೂ ಕೂಡಿ ಪೇಟೆಬೀದಿಗಳ ಅಳತೆ ಮಾಡಿಸಲಿ. ಗೆರೆ, ನೆಲದ ಮಟ್ಟ, ಮಹಡಿಯ ಎತ್ತರ, ಬಾಡಿಗೆದಾರರ ಷರತ್ತು, ಸಂತೆಯ ಜಾಗ ಇಷ್ಟನ್ನೂ ಒಂದೇ ನಕ್ಷೆಯ ಮೇಲೆ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆದು ಬಸ್ ನಿಲ್ದಾಣದಲ್ಲಿ ಅಂಟಿಸಲಿ. ಪೇಟೆಯಲ್ಲಿ ಅಂಗಡಿ ಇರುವವರು, ಬಾಡಿಗೆಗೆ ಇರುವವರು, ಈ ವರ್ಷ ಮನೆ ಕೆಡವಿ ಕಟ್ಟುವ ಯೋಚನೆಯಲ್ಲಿರುವವರು ಆ ನಕ್ಷೆಗಾಗಿ ಈಗಲೇ ಅರ್ಜಿ ಹಾಕಿ ಕೇಳಬೇಕು.